ಪರವೂರ ನೀರು, ತೆರೆದುಕೊಂಡ ತೂಬು

“ನೀರು ಬದಲಾಯ್ತಲ್ಲ, ಅದಕ್ಕೇ.”

ಬೇಸಿಗೆ ರಜೆಗೆ ಅಮೆರಿಕದಿಂದ ಬಂದ ಮೊಮ್ಮಗ ಮೂರನೇ ದಿನಕ್ಕೇ ಹೊಟ್ಟೆ ಹಿಡಿದುಕೊಂಡು ಪಾಯಿಖಾನೆಗೆ ಓಡತೊಡಗಿದಾಗ ದಾವಣಗೆರೆಯ ಅಜ್ಜಿ ಹೇಳುವ ಮಾತು ಇದು. ಪಶುಪತಿನಾಥನ ದರ್ಶನಕ್ಕೆಂದು ಕಠ್ಮಂಡುವಿಗೆ ಹೋದ ಯಾತ್ರಿಕರ ಬಸ್ಸಿನಲ್ಲೂ ಇದೇ ಮಾತು. ಮದುವೆಯಾದ ಹೊಸತರಲ್ಲಿ ಬಾಲಿಗೆ ಹೋದ ದಂಪತಿ ಊರಿಗೆ ಫೋನ್ ಮಾಡಿದಾಗಲೂ ಇದೇ ಮಾತು. ಹೊಸ ಊರಿನ ನೀರು ಒಗ್ಗಲಿಲ್ಲ, ಅಷ್ಟೇ.

ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಒಗಟು. ಅದೇ ಮನೆಯಲ್ಲಿ ಅದೇ ನೀರು ಕುಡಿದು, ಅದೇ ಗಾಡಿಯ ಪಾನಿಪುರಿ ತಿಂದ ಚಿಕ್ಕಪ್ಪನ ಮಗ ಬೀದಿಯಲ್ಲಿ ಕ್ರಿಕೆಟ್ ಆಡುತ್ತಿರುತ್ತಾನೆ. ಹುಡುಗನ ಅಪ್ಪನ ಕತೆ ಇನ್ನೂ ವಿಚಿತ್ರ. ಇದೇ ಊರಿನ ನಲ್ಲಿ ನೀರು ಕುಡಿದು ಬೆಳೆದವನು, ಹದಿನೈದು ವರ್ಷ ಹೊರಗಿದ್ದು ಬಂದ ಮೇಲೆ ಅವನಿಗೂ ಹೊಟ್ಟೆ ಕೆಡುತ್ತದೆ. ಹಾಗಾದರೆ ಆ ನೀರಿನಲ್ಲಿ ಇರುವುದಾದರೂ ಏನು? ಅವನ ಹೊಟ್ಟೆ ಮರೆತದ್ದಾದರೂ ಏನು?

ಹೊಟ್ಟೆಯ ತಜ್ಞರ ಹೊಟ್ಟೆ

1974ರ ಅಕ್ಟೋಬರ್. ಮೆಕ್ಸಿಕೊ ನಗರದಲ್ಲಿ ಜಠರ ಮತ್ತು ಕರುಳಿನ ತಜ್ಞರ ವಿಶ್ವ ಸಮ್ಮೇಳನ. ಅದಕ್ಕೆ ಬಂದ 73 ವೈದ್ಯರು ಮತ್ತು ಅವರ ಮನೆಯವರಲ್ಲಿ 48 ಮಂದಿ ತಮ್ಮನ್ನೇ ಅಧ್ಯಯನಕ್ಕೆ ಒಪ್ಪಿಸಿಕೊಂಡರು. ಊರು ಬಿಡುವ ಮೊದಲು, ಅಲ್ಲಿದ್ದಾಗ, ಮರಳಿದ ಮೇಲೆ ಮಲದ ಮಾದರಿ ಕೊಡುವುದು, ಏನೇನು ತಿಂದೆವೆಂದು ತಿಳಿಸುವುದು, ಇಷ್ಟೇ ಕೆಲಸ. 121 ಜನರಲ್ಲಿ 59 ಮಂದಿಗೆ ಭೇದಿ ಹಿಡಿಯಿತು. ಹೊಟ್ಟೆಯ ಬಗ್ಗೆ ಅವರಿಗಿಂತ ಹೆಚ್ಚು ತಿಳಿದ ಗುಂಪು ಸಿಗುವುದು ಕಷ್ಟ. ಆದರೂ ಸುಮಾರು ಅರ್ಧದಷ್ಟು ಜನ ತಪ್ಪಿಸಿಕೊಳ್ಳಲಿಲ್ಲ.

ಪ್ರವಾಸಿಗಳ ಭೇದಿಗೆ ಆಗಲೇ ಬಗೆಬಗೆಯ ಅಡ್ಡಹೆಸರುಗಳಿದ್ದವು. ಮೆಕ್ಸಿಕೊದಲ್ಲಿ ‘ಟೂರಿಸ್ಟಾ’, ‘ಮೊಂಟೆಜುಮನ ಸೇಡು’. ನಮ್ಮ ಕಡೆ ಬಂದ ಬಿಳಿಯರ ಬಾಯಲ್ಲಿ ‘ಡೆಲ್ಲಿ ಬೆಲ್ಲಿ’. ಕಾರಣ ಕೇಳಿದರೆ ಮಸಾಲೆ, ಬಿಸಿಲು, ಪ್ರಯಾಣದ ದಣಿವು, ನೀರಿನ ಗಡಸು ಎನ್ನುತ್ತಿದ್ದರು. ಮೆಕ್ಸಿಕೊದ ಮಾದರಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿದ್ದು ಒಂದು ರೋಗಾಣು. ಹಸಿ ತರಕಾರಿಯ ಸಲಾಡ್ ತಿಂದವರಲ್ಲಿ ಅದು ಹೆಚ್ಚಾಗಿ ಕಂಡಿತ್ತು. ಅದಕ್ಕೂ ಕೆಲವು ವರ್ಷ ಮೊದಲು, ಏಡನ್ನಿಗೆ ಹೊಸದಾಗಿ ಬಂದು ಹೊಟ್ಟೆ ಕೆಡಿಸಿಕೊಂಡ ಬ್ರಿಟಿಷ್ ಸೈನಿಕರಲ್ಲಿ ಇದೇ ಜಾತಿಯ ರೋಗಾಣುವನ್ನು ಲಂಡನ್ನಿನ ವಿಜ್ಞಾನಿಗಳು ಗುರುತಿಸಿದ್ದರು.

ಅದರ ಹೆಸರು ಇ. ಕೋಲಿ. ಈ ಹೆಸರು ಕೇಳಿದೊಡನೆ ಬೆಚ್ಚಬೇಕಿಲ್ಲ. ನಮ್ಮೆಲ್ಲರ ಕರುಳಿನಲ್ಲಿ ಇ. ಕೋಲಿಗಳು ಕೋಟಿಗಟ್ಟಲೆ ಇವೆ, ಯಾರ ತಂಟೆಗೂ ಹೋಗದೆ ಇವೆ. ಅವುಗಳಲ್ಲಿ ಒಂದು ಪಂಗಡ ಮಾತ್ರ ಎರಡು ಆಯುಧಗಳನ್ನು ಸಂಪಾದಿಸಿಕೊಂಡಿದೆ. ಒಂದು, ಸಣ್ಣ ಕರುಳಿನ ಗೋಡೆಗೆ ಅಂಟಿಕೊಳ್ಳಲು ಕೂದಲಿನಂಥ ಕೊಕ್ಕೆಗಳು. ಇನ್ನೊಂದು, ನಂಜು. ಇವನ್ನು ನಂಜುಕಾರಿ ಇ. ಕೋಲಿ ಎನ್ನೋಣ, ವಿಜ್ಞಾನಿಗಳು ಮೊಟಕಾಗಿ ಇಟೆಕ್ ಎನ್ನುತ್ತಾರೆ. ಪ್ರವಾಸಿಗಳ ಹೊಟ್ಟೆ ಕೆಡಿಸುವ ರೋಗಾಣುಗಳು ಹಲವು ಇದ್ದರೂ ಜಗತ್ತಿನ ಹೆಚ್ಚಿನ ಕಡೆ ಮುಂಚೂಣಿಯಲ್ಲಿರುವುದು ಇದೇ.

ಕಲ್ಕತ್ತದ ಮೊಲ

ಈ ನಂಜು ಏನು ಮಾಡುತ್ತದೆ ಎಂಬುದರ ಸುಳಿವು ಸಿಕ್ಕಿದ್ದು ಕಲ್ಕತ್ತದಲ್ಲಿ, ಬಡ ಸಲಕರಣೆಗಳ ಒಂದು ಪ್ರಯೋಗಾಲಯದಲ್ಲಿ. ಶಂಭುನಾಥ ಡೇ ಎಂಬ ರೋಗಶಾಸ್ತ್ರಜ್ಞ ಕಾಲರಾದ ಬೆನ್ನು ಹತ್ತಿದ್ದರು. ಅವರು ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ನಡುವೆ ಕಾಲರಾ ರೋಗಾಣುಗಳನ್ನು ಬಿಟ್ಟರು. ಮರುದಿನ ನೋಡಿದರೆ ಆ ತುಂಡು ನೀರು ತುಂಬಿದ ಬಲೂನಿನಂತೆ ಊದಿಕೊಂಡಿತ್ತು. 1959ರಲ್ಲಿ ಅವರು ‘ನೇಚರ್’ ಪತ್ರಿಕೆಯಲ್ಲಿ ಇನ್ನೂ ಮುಂದಿನ ಹೆಜ್ಜೆ ಪ್ರಕಟಿಸಿದರು: ರೋಗಾಣುಗಳೇ ಬೇಡ, ಅವು ಬೆಳೆದ ದ್ರವವನ್ನು ಸೋಸಿ ಹಾಕಿದರೂ ಕರುಳು ತುಂಬಿಕೊಳ್ಳುತ್ತದೆ. ಎಂದರೆ ಕೆಲಸ ಮಾಡುವುದು ನಂಜು. ಭೇದಿಯಾದ ರೋಗಿಗಳಿಂದ ತೆಗೆದ ಕೆಲವು ಇ. ಕೋಲಿಗಳೂ ಮೊಲದ ಕರುಳಿನಲ್ಲಿ ಇದನ್ನೇ ಮಾಡುತ್ತವೆಂದು ಡೇ ಮತ್ತು ಅವರ ಜೊತೆಗಾರರು 1956ರಲ್ಲೇ ತೋರಿಸಿದ್ದರು. ಇಟೆಕ್ ಎಂಬ ಹೆಸರು ಹುಟ್ಟುವ ಎಷ್ಟೋ ಮೊದಲೇ ಅವರು ಅದನ್ನು ಕಂಡಿದ್ದರು.

ನೊಬೆಲ್ ವಿಜೇತ ಜೋಶುವಾ ಲೆಡರ್‌ಬರ್ಗ್ ಒಂದಕ್ಕಿಂತ ಹೆಚ್ಚು ಸಲ ಡೇ ಅವರ ಹೆಸರನ್ನು ನೊಬೆಲ್‌ಗೆ ಸೂಚಿಸಿದರು. ಬಹುಮಾನ ಬರಲಿಲ್ಲ. 1985ರಲ್ಲಿ ಡೇ ತೀರಿಕೊಂಡಾಗ ಸ್ವದೇಶದಲ್ಲೂ ಅವರನ್ನು ಬಲ್ಲವರು ಕಡಿಮೆ. ನಮ್ಮ ಶಾಲಾ ಪಠ್ಯಗಳಲ್ಲಿ ಈ ಹೆಸರು ಇರಲೇಬೇಕಿತ್ತು.

ನೀರಗಂಟಿಯ ಕೈ ಕಟ್ಟಿದವರಾರು?

ಬಯಲುಸೀಮೆಯ ಕೆರೆಯೊಂದನ್ನು ನೆನೆಯಿರಿ. ಏರಿಯಲ್ಲಿ ತೂಬು, ತೂಬಿಗೊಬ್ಬ ನೀರಗಂಟಿ. ಎಷ್ಟು ಬೇಕೋ ಅಷ್ಟು ನೀರು ಬಿಟ್ಟು ಮತ್ತೆ ಮುಚ್ಚುವುದು ಅವನ ಕೆಲಸ.

ಸಣ್ಣ ಕರುಳಿನ ಒಳಗೋಡೆಯೂ ಇಂಥದೇ. ದಿನಕ್ಕೆ ಎಂಟೊಂಬತ್ತು ಲೀಟರ್ ದ್ರವ ಅದರೊಳಗೆ ಇಳಿಯುತ್ತದೆ. ನಾವು ತಿಂದು ಕುಡಿದದ್ದು ಅದರಲ್ಲಿ ಎರಡು ಲೀಟರ್ ಮಾತ್ರ. ಉಳಿದದ್ದೆಲ್ಲ ಜೊಲ್ಲು, ಜಠರರಸ, ಪಿತ್ತ, ಕರುಳಿನದೇ ರಸ. ಅಷ್ಟನ್ನೂ ಕರುಳು ಮತ್ತೆ ಹೀರಿಕೊಂಡು ರಕ್ತಕ್ಕೆ ಒಪ್ಪಿಸುತ್ತದೆ. ಮಲದಲ್ಲಿ ಹೊರಹೋಗುವುದು ಒಂದು ಲೋಟಕ್ಕಿಂತ ಕಡಿಮೆ. ಈ ಲೆಕ್ಕದಲ್ಲಿ ಸ್ವಲ್ಪ ಏರುಪೇರಾದರೂ ಏನಾಗುತ್ತದೆಂದು ಭೇದಿಯಾದವರಿಗೆ ಗೊತ್ತು.

ಗೋಡೆಯ ಜೀವಕೋಶಗಳಲ್ಲಿ ಕರುಳಿನ ಕಡೆಗೆ ತೆರೆಯುವ ಸಣ್ಣ ತೂಬುಗಳಿವೆ. ಅವುಗಳ ಮೂಲಕ ಉಪ್ಪಿನ ಒಂದು ಪಾಲಾದ ಕ್ಲೋರೈಡ್ ಹೊರಬರುತ್ತದೆ. ಅದರ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಉಪ್ಪು ಎಲ್ಲಿಗೆ ಹೋಗುತ್ತದೋ ನೀರು ಅಲ್ಲಿಗೆ ಹೋಗುತ್ತದೆ. ಉಪ್ಪು ಸವರಿದ ಮಾವಿನಕಾಯಿ ರಾತ್ರಿ ಕಳೆಯುವುದರೊಳಗೆ ನೀರು ಬಿಡುವುದನ್ನು ಉಪ್ಪಿನಕಾಯಿ ಹಾಕುವ ಎಲ್ಲರೂ ನೋಡಿದ್ದಾರೆ. ಆಹಾರವನ್ನು ತೇವವಾಗಿಡುವಷ್ಟು ರಸ ಬಿಟ್ಟು ತೂಬು ಮುಚ್ಚಿಕೊಳ್ಳಬೇಕು. ಇಟೆಕ್‌ನ ನಂಜು ಜೀವಕೋಶದ ಒಳಹೊಕ್ಕೋ ಹೊರಗಿನಿಂದಲೋ ‘ತೆರೆ’ ಎಂಬ ಸಂಕೇತವನ್ನು ನಿಲ್ಲಿಸದೆ ಕೂಗಿಸುತ್ತದೆ. ನೀರಗಂಟಿಯ ಕೈ ಕಟ್ಟಿಹಾಕಿದಂತೆ. ತೂಬು ತೆರೆದೇ ಇರುತ್ತದೆ, ಗೋಡೆಯಿಂದ ಕರುಳಿಗೆ ನೀರು ಸುರಿಯುತ್ತಲೇ ಇರುತ್ತದೆ. ಬರಿ ಉಪ್ಪನ್ನು ಒಳಗೆಳೆದುಕೊಳ್ಳುವ ಬಾಗಿಲೊಂದನ್ನೂ ಅದು ಅರೆಮುಚ್ಚುತ್ತದೆ.

ಗಮನಿಸಬೇಕಾದ ಮಾತು: ಗೋಡೆ ಕುಸಿದಿಲ್ಲ, ಹುಣ್ಣಾಗಿಲ್ಲ. ಅದಕ್ಕೇ ಈ ಭೇದಿ ನೀರಿನಂತೆ ಇರುತ್ತದೆ, ರಕ್ತವಿರುವುದಿಲ್ಲ. ಕರುಳಿನ ಗೋಡೆಯ ಜೀವಕೋಶಗಳ ಆಯಸ್ಸೇ ಮೂರರಿಂದ ಐದು ದಿನ. ನಂಜು ತಗುಲಿದವು ಉದುರಿ ಹೊಸವು ಬರುತ್ತವೆ, ಕಾಯಿಲೆ ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ಆ ಕೆಲವು ದಿನ ಮೈಯ ನೀರು ಬತ್ತದಂತೆ ನೋಡಿಕೊಳ್ಳುವುದೇ ಮುಖ್ಯ.

ಎರಡು ಎತ್ತು, ಒಂದು ಗಾಡಿ

ಹೇಗೆ ನೋಡಿಕೊಳ್ಳುವುದು? ಬರಿ ನೀರು ಕುಡಿದರೆ ಅದನ್ನು ಒಳಗೆಳೆಯುವ ಉಪ್ಪಿಲ್ಲ. ಬರಿ ಉಪ್ಪುನೀರು ಕುಡಿದರೆ ಬಾಗಿಲು ಅರೆಮುಚ್ಚಿದೆ. ಆದರೆ ಗೋಡೆಯಲ್ಲಿ ಇನ್ನೊಂದು ಬಾಗಿಲಿದೆ, ನಂಜು ಮುಟ್ಟದ ಬಾಗಿಲು. ಅದು ಎತ್ತಿನ ಗಾಡಿಗೆ ಮಾತ್ರ ತೆರೆಯುತ್ತದೆ. ಗ್ಲೂಕೋಸ್ ಎಂಬ ಸಕ್ಕರೆಯ ಕಣ ಗಾಡಿ, ಸೋಡಿಯಂ ಕಣಗಳೆರಡು ಎತ್ತು. ಎತ್ತು ಕಟ್ಟದ ಗಾಡಿ ಬಂದರೂ, ಗಾಡಿಯಿಲ್ಲದ ಎತ್ತು ಬಂದರೂ ಅದು ಕದ ತೆಗೆಯದು. ಜೊತೆಯಾಗಿ ಬಂದರೆ ಒಳಗೆ ಬಿಡುತ್ತದೆ, ಹಿಂದೆಯೇ ನೀರೂ ನುಗ್ಗುತ್ತದೆ.

ಸಕ್ಕರೆ ಮತ್ತು ಸೋಡಿಯಂ ಜೋಡಿಯಾಗಿ ಒಳಹೋಗುತ್ತವೆಂಬ ಸಿದ್ಧಾಂತವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮಂಡಿಸಿದರು. ಅದು ಜೀವ ಉಳಿಸುವ ಪರಿ ದೊಡ್ಡದಾಗಿ ಕಂಡದ್ದು 1971ರಲ್ಲಿ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ. ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹರಡಿತ್ತು, ನರಕ್ಕೆ ಹಾಕುವ ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಲನಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಸುಮಾರು ಶೇ. 30ರಷ್ಟಿದ್ದ ಸಾವು ಶೇ. 3.6ಕ್ಕೆ ಇಳಿಯಿತು. ಕಾಲರಾದ ನಂಜೂ ಇಟೆಕ್‌ನ ನಂಜುಗಳಲ್ಲೊಂದೂ ಒಡಹುಟ್ಟಿದವುಗಳಂತಿವೆ. ಹಾಗಾಗಿ ಬನಗಾಂವ್‌ನ ಆ ಡ್ರಮ್ಮಿನ ನೀರು ಇಂದು ಬ್ಯಾಂಕಾಕಿನ ಹೋಟೆಲ್ ಕೋಣೆಯಲ್ಲಿ ಸುಸ್ತಾಗಿ ಮಲಗಿದವರಿಗೂ ಮದ್ದು. ಅದರ ಹೆಸರು ಓಆರ್‌ಎಸ್.

ಒಗ್ಗುವುದೆಂದರೆ

ಕ್ರಿಕೆಟ್ ಆಡುತ್ತಿರುವ ಆ ಹುಡುಗನಿಗೆ ಯಾಕೆ ಏನೂ ಆಗಲಿಲ್ಲ? ಅವನ ಹೊಟ್ಟೆ ಹುಟ್ಟಾ ಗಟ್ಟಿಯೇನಲ್ಲ. ಶುಚಿ ನೀರಿನ ಕೊರತೆಯಿರುವ ಊರುಗಳಲ್ಲಿ ಮಕ್ಕಳಿಗೆ ಮೊದಲ ಎರಡು ಮೂರು ವರ್ಷಗಳಲ್ಲೇ ಇಟೆಕ್ ಹಲವು ಸಲ ತಗುಲಿರುತ್ತದೆ. ಪ್ರತಿ ಸಲವೂ ಕರುಳು ಅದರ ಕೊಕ್ಕೆಗಳ ಗುರುತು ಹಿಡಿದು, ಅಂಟಿಕೊಳ್ಳದಂತೆ ತಡೆಯುವ ಕಾವಲು ಕಣಗಳನ್ನು ಸಿದ್ಧ ಮಾಡಿಕೊಳ್ಳುತ್ತದೆ. ‘ನೀರು ಒಗ್ಗುವುದು’ ಅಂದರೆ ಇದೇ. ಈ ನೆನಪು ಮತ್ತೆ ಮತ್ತೆ ರೋಗಾಣುವಿನ ಮುಖ ಕಾಣುತ್ತಿದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಮಾಸುತ್ತದೆ. ಹದಿನೈದು ವರ್ಷ ಹೊರಗಿದ್ದ ಅಪ್ಪನ ಕರುಳು ಅದನ್ನು ಮರೆತಿದೆ. ಇಟೆಕ್‌ನ ಕೊಕ್ಕೆಗಳಲ್ಲೂ ಹಲವು ನಮೂನೆಗಳಿವೆ. ಬೆಂಗಳೂರಿನಲ್ಲಿ ಎಲ್ಲ ತಿಂದು ಅರಗಿಸಿಕೊಂಡವರು ಕೈರೋದಲ್ಲಿ ಹಾಸಿಗೆ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಈ ಒಗ್ಗುವಿಕೆಯ ಬೆಲೆಯನ್ನು ಮಾತ್ರ ಮರೆಯುವಂತಿಲ್ಲ. ಜಗತ್ತಿನಲ್ಲಿ ಐದು ವರ್ಷದೊಳಗಿನ 4 ಲಕ್ಷಕ್ಕೂ ಹೆಚ್ಚು ಮಕ್ಕಳು ಈಗಲೂ ಪ್ರತಿ ವರ್ಷ ಭೇದಿಯಿಂದ ಸಾಯುತ್ತಾರೆ. ‘ನಮ್ಮ ಹೊಟ್ಟೆ ಕಲ್ಲು ಕರಗಿಸುತ್ತೆ’ ಎಂದು ಹೆಮ್ಮೆಪಡುವವರು ಆ ಗಂಡಾಂತರ ದಾಟಿ ಬಂದವರು.

ಹತ್ತು ಕೋಟಿಯ ಲೆಕ್ಕ

ಆರೋಗ್ಯವಂತ ವಯಸ್ಕರಿಗೆ ಕಾಯಿಲೆ ಬರಿಸಲು ಇಟೆಕ್ ದೊಡ್ಡ ಸಂಖ್ಯೆಯಲ್ಲಿ ಒಳಹೋಗಬೇಕು. ಸ್ವಯಂಸೇವಕರಿಗೆ ಕುಡಿಸಿ ನೋಡಿದ ಅಮೆರಿಕದ ಪ್ರಯೋಗಗಳಲ್ಲಿ ಅದು ಸುಮಾರು ಹತ್ತು ಕೋಟಿ. ಜಠರದ ಆಮ್ಲ ಬಹುಪಾಲನ್ನು ದಾರಿಯಲ್ಲೇ ಸುಟ್ಟುಹಾಕುವುದು ಇದಕ್ಕೆ ಒಂದು ಕಾರಣ. ‘ಗ್ಯಾಸ್’ ಎಂದು ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ನುಂಗುವವರಲ್ಲಿ ಈ ಆಮ್ಲ ಕಡಿಮೆ, ಅಪಾಯ ಹೆಚ್ಚು. ಆ ಮಾತ್ರೆ ನಿಜಕ್ಕೂ ಬೇಕೇ ಎಂದು ಪ್ರವಾಸಕ್ಕೆ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು.

ಹತ್ತು ಕೋಟಿ ರೋಗಾಣು ಯಾರ ಊಟದಲ್ಲಿ ಇರುತ್ತವೆ? ಬೆಚ್ಚಗೆ ಬಿಟ್ಟ ಯಾವ ಊಟದಲ್ಲೂ ಇರಬಹುದು. ಅನುಕೂಲ ಸಿಕ್ಕರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, 9 ಗಂಟೆಯಲ್ಲಿ ಒಂದೇ ರೋಗಾಣು 13 ಕೋಟಿ ದಾಟುತ್ತದೆ. ಬೆಳಿಗ್ಗೆ ತೊಳೆಯದ ಕೈಯೊಂದು ಚಟ್ನಿ ಕಲಸಿದರೆ ಸಂಜೆಗೆ ಬೇಕಾದಷ್ಟು ಸೈನ್ಯ ಸಿದ್ಧ. ಐದು ಡಿಗ್ರಿಗಿಂತ ತಂಪಿನಲ್ಲಿ, ಅರವತ್ತಕ್ಕಿಂತ ಬಿಸಿಯಲ್ಲಿ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಬೇಯಿಸಿದ ಆಹಾರವೇ ಆಗಲಿ, ಹೋಟೆಲ್ ಬಫೆಯಲ್ಲಿ ಉಗುರುಬೆಚ್ಚಗೆ ಕೂತಿದ್ದರೆ ಅದು ಬೀದಿಬದಿಯ ಬಾಣಲೆಯಿಂದ ಹೊಗೆಯಾಡುತ್ತ ಎಲೆಗೆ ಬಿದ್ದ ತಿಂಡಿಗಿಂತ ಅಪಾಯಕಾರಿ. ಮೆಕ್ಸಿಕೊದ ಗ್ವಾಡಲಹಾರದ ಜನಪ್ರಿಯ ರೆಸ್ಟೊರೆಂಟ್‌ಗಳ ಮೇಜಿನ ಮೇಲಿದ್ದ ಸಾಲ್ಸಾ ಚಟ್ನಿಗಳನ್ನು ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಇ. ಕೋಲಿ ಸಿಕ್ಕಿತು, ಕೆಲವದರಲ್ಲಿ ನಂಜುಕಾರಿಯೂ ಇತ್ತು.

‘ಕುದಿಸು, ಬೇಯಿಸು, ಸಿಪ್ಪೆ ಸುಲಿ, ಇಲ್ಲವೇ ಬಿಟ್ಟುಬಿಡು’ ಎಂಬ ಸೂತ್ರ ಪ್ರವಾಸಿಗಳ ನಡುವೆ ಬಹು ಹಳೆಯದು. ಕಠ್ಮಂಡುವಿನಲ್ಲಿ ಪ್ರವಾಸಿಗಳಿಗೆ ವರ್ಷಗಟ್ಟಲೆ ಚಿಕಿತ್ಸೆ ನೀಡಿದ ಡಾ. ಡೇವಿಡ್ ಶ್ಲಿಮ್ 2005ರಲ್ಲಿ ಪುರಾವೆಗಳನ್ನೆಲ್ಲ ಜಾಲಾಡಿದರು. ಸೂತ್ರ ಪಾಲಿಸಿದವರು ಪಾಲಿಸದವರಿಗಿಂತ ಕಡಿಮೆ ಕಾಯಿಲೆ ಬಿದ್ದರೆಂದು ಹೆಚ್ಚಿನ ಅಧ್ಯಯನಗಳಲ್ಲಿ ಕಾಣಲಿಲ್ಲ. ಸೂತ್ರದಲ್ಲಿ ತಪ್ಪಿಲ್ಲ; ಪಾಲಿಸಬೇಕಾದವರು ತಟ್ಟೆಯ ಮುಂದೆ ಕೂತವರಲ್ಲ, ಅಡುಗೆಮನೆಯಲ್ಲಿ ಇರುವವರು. ಅಲ್ಲಿ ಕೈ ತೊಳೆಯುವ ಸಾಬೂನು, ನಲ್ಲಿ, ತಂಪುಪೆಟ್ಟಿಗೆಗೆ ತಪ್ಪದೆ ವಿದ್ಯುತ್ ಇದ್ದರೆ ಪ್ರವಾಸಿಯ ಅರ್ಧ ಕಷ್ಟ ಮುಗಿಯಿತು. ಅಡುಗೆಯವರನ್ನು ಜೊತೆಗೇ ಕರೆದೊಯ್ಯುವ ನಮ್ಮ ಯಾತ್ರಾ ತಂಡಗಳು ಈ ದೃಷ್ಟಿಯಿಂದ ಜಾಣತನವನ್ನೇ ಮಾಡುತ್ತವೆ, ಬೆಳಗಿನ ಚಿತ್ರಾನ್ನವನ್ನು ಸಂಜೆಯವರೆಗೆ ಬಸ್ಸಿನ ಸೆಕೆಯಲ್ಲಿ ಇಡದಿದ್ದರೆ.

ನೀರಿನ ವಿಷಯದಲ್ಲಿ ಎರಡು ಮಾತು. ಮಂಜುಗಡ್ಡೆಯನ್ನು ಮದ್ಯ ಶುದ್ಧಮಾಡುತ್ತದೆ ಎಂಬ ನಂಬಿಕೆಯನ್ನು ಹೂಸ್ಟನ್ನಿನ ಸಂಶೋಧಕರು 1985ರಲ್ಲಿ ಪರೀಕ್ಷಿಸಿದರು. ಸೋಡಾದಲ್ಲಿ, ವಿಸ್ಕಿಯಲ್ಲಿ, ಟಕೀಲಾದಲ್ಲಿ ಐಸ್ ಕರಗಿದ ಮೇಲೂ ರೋಗಾಣುಗಳು ಬದುಕಿದ್ದವು. ಇನ್ನೊಂದು, ಮಾನಸ ಸರೋವರದ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಆ ಬಿಸಿಯೂ ರೋಗಾಣು ಕೊಲ್ಲಲು ಸಾಕು, ಸಮಯ ಸ್ವಲ್ಪ ಹೆಚ್ಚು ಬೇಕು. ತಗ್ಗಿನ ಊರಿನಲ್ಲಿ ಒಂದು ನಿಮಿಷ ಮರಳಿಸಿದರೆ ಸಾಕಾದದ್ದನ್ನು 2,000 ಮೀಟರ್ ದಾಟಿದ ಮೇಲೆ ಮೂರು ನಿಮಿಷ ಮರಳಿಸಬೇಕು.

ಹೊಟ್ಟೆ ಕೆಟ್ಟ ದಿನ

ಇಷ್ಟೆಲ್ಲ ಮಾಡಿದರೂ ಹೊಟ್ಟೆ ಕೆಡಬಹುದು. ಆಗ ಮೊದಲು ಓಆರ್‌ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ನೀರು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಇರುತ್ತವೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಅಳತೆಯಲ್ಲಿ. ಉಪ್ಪು ಹಾಕಿದ ಅಕ್ಕಿ ಗಂಜಿಯೂ ಇದೇ ಗಾಡಿಯನ್ನು ಕಟ್ಟುತ್ತದೆ: ಅಕ್ಕಿಯ ಪಿಷ್ಟ ಕರುಳಿನಲ್ಲಿ ಬಿಡಿಬಿಡಿಯಾಗಿ ಗ್ಲೂಕೋಸ್ ಆಗುತ್ತದೆ. ಪ್ರತಿ ಸಲ ಹೋಗಿ ಬಂದ ಮೇಲೆ ಒಂದು ಲೋಟ, ವಾಂತಿಯಿದ್ದರೆ ಗುಟುಕು ಗುಟುಕಾಗಿ. ಊಟ ಬಿಡಬೇಕಿಲ್ಲ.

ತಂಪು ಪಾನೀಯ, ಡಬ್ಬಿ ಹಣ್ಣಿನ ರಸ ಇದಕ್ಕೆ ಬದಲಿಯಲ್ಲ. ಅವುಗಳಲ್ಲಿ ಸಕ್ಕರೆ ವಿಪರೀತ, ಉಪ್ಪು ಹೆಸರಿಗಷ್ಟೇ. ಎತ್ತಿಲ್ಲದ ಗಾಡಿಗಳು ಕರುಳಿನಲ್ಲಿ ಸಾಲುಗಟ್ಟಿ ನಿಂತು ಮೈಯ ನೀರನ್ನು ತಮ್ಮ ಕಡೆಗೇ ಎಳೆಯುತ್ತವೆ, ಭೇದಿ ಹೆಚ್ಚುತ್ತದೆ. ಇಂಥ ಸಿಹಿ ಪಾನೀಯಗಳ ಡಬ್ಬಿಗಳ ಮೇಲೆ ‘ಓಆರ್‌ಎಸ್’ ಎಂದು ಬರೆಯುವುದನ್ನು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ನಿಲ್ಲಿಸಿತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಳ ಕಾಲ ಒಂಟಿಯಾಗಿ ಹೋರಾಡಿದ ಫಲ ಅದು.

ಹೊಟ್ಟೆ ಕಟ್ಟಿಸುವ ಲೋಪೆರಮೈಡ್ ಮಾತ್ರೆ ಕರುಳಿನ ಓಟವನ್ನು ನಿಧಾನಿಸುತ್ತದೆ. ಬಸ್ಸೋ ವಿಮಾನವೋ ಹತ್ತಲೇಬೇಕಾದ ವಯಸ್ಕರಿಗೆ ಅದು ಉಪಕಾರಿ. ಆದರೆ ಜ್ವರ ಇದ್ದರೆ, ಮಲದಲ್ಲಿ ರಕ್ತ ಕಂಡರೆ ಮುಟ್ಟಬಾರದು, ಚಿಕ್ಕ ಮಕ್ಕಳಿಗೆ ಕೊಡಲೇಬಾರದು. ರಕ್ತ ಮತ್ತು ಆಮ ಬೀಳುವ ಆಮಶಂಕೆ ಬೇರೆಯದೇ ಕಾಯಿಲೆ. ಅದರ ಒಂದು ಕಾರಣವಾದ ಶಿಗೆಲ್ಲಾಕ್ಕೆ ಕೋಟಿಗಳು ಬೇಡ, ನೂರು ರೋಗಾಣು ಸಾಕು, ಅದು ಗೋಡೆಯನ್ನೇ ಕೊರೆಯುತ್ತದೆ. ರಕ್ತ, ಜೋರು ಜ್ವರ, ಕುಡಿದದ್ದೆಲ್ಲ ವಾಂತಿ, ಗಂಟೆಗಟ್ಟಲೆ ಮೂತ್ರವಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ವೈದ್ಯರ ಬಳಿ ಹೋಗಬೇಕು. ಮಕ್ಕಳು, ಗರ್ಭಿಣಿಯರು, ಬಿಪಿ ಅಥವಾ ಸಕ್ಕರೆ ಕಾಯಿಲೆಗೆ ಮಾತ್ರೆ ತಿನ್ನುವ ಹಿರಿಯರು ಅಷ್ಟರವರೆಗೂ ಕಾಯಬಾರದು.

ಮರಳಿ ಬರುವಾಗ ಜೊತೆಗೆ ಬಂದವರು

ಮುನ್ನೆಚ್ಚರಿಕೆಗೆಂದು ಆಂಟಿಬಯೋಟಿಕ್ ಪಟ್ಟಿಯೊಂದನ್ನು ಚೀಲದಲ್ಲಿಟ್ಟುಕೊಂಡು, ಎರಡು ಸಲ ಹೋದೊಡನೆ ನುಂಗುವ ರೂಢಿ ನಮ್ಮಲ್ಲಿ ಬಲವಾಗಿದೆ. ಫಿನ್ಲೆಂಡಿನ ವಿಜ್ಞಾನಿಗಳು 430 ಪ್ರವಾಸಿಗಳ ಮಲವನ್ನು ಪ್ರವಾಸಕ್ಕೆ ಮುಂಚೆ ಮತ್ತು ಬಂದ ಮೇಲೆ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅಂಥವರು ತಿಳಿದಿರಬೇಕು. ಅವರು ಹುಡುಕಿದ್ದು ಹಲವು ಔಷಧಿಗಳಿಗೆ ಬಗ್ಗದ ಹಠಮಾರಿ ರೋಗಾಣುಗಳನ್ನು. ದಕ್ಷಿಣ ಏಷ್ಯಾಕ್ಕೆ ಬಂದವರಲ್ಲಿ ಭೇದಿಯೂ ಆಗದೆ, ಮಾತ್ರೆಯನ್ನೂ ತಿನ್ನದವರ ಪೈಕಿ ಶೇ. 23 ಮಂದಿ ಅವನ್ನು ಹೊತ್ತುಕೊಂಡು ಹೋಗಿದ್ದರು. ಭೇದಿಯಾಗಿಯೂ ಮಾತ್ರೆ ತಿನ್ನದವರಲ್ಲಿ ಶೇ. 47. ಭೇದಿಗೆ ಆಂಟಿಬಯೋಟಿಕ್ ನುಂಗಿದವರಲ್ಲಿ ಶೇ. 80.

ಮಾತ್ರೆ ಕರುಳಿನ ಸಾಧು ನಿವಾಸಿಗಳನ್ನು ಕೊಂದು ಮನೆ ಖಾಲಿ ಮಾಡುತ್ತದೆ, ಹಠಮಾರಿಗಳು ಬಂದು ಬಿಡಾರ ಹೂಡುತ್ತವೆ. 2,001 ಡಚ್ ಪ್ರವಾಸಿಗಳನ್ನು ಹಿಂಬಾಲಿಸಿದ ಇನ್ನೊಂದು ಅಧ್ಯಯನದಲ್ಲಿ, ಹೀಗೆ ಅವನ್ನು ತಂದವರಲ್ಲಿ ಶೇ. 11ರಷ್ಟು ಮಂದಿಯ ಕರುಳಿನಲ್ಲಿ ಅವು ವರ್ಷವಾದರೂ ಉಳಿದಿದ್ದವು. ತೀವ್ರ ಭೇದಿಗೆ, ಆಮಶಂಕೆಗೆ ಅಜಿಥ್ರೊಮೈಸಿನ್‌ನಂಥ ಮದ್ದು ಬೇಕೇ ಬೇಕು, ವೈದ್ಯರ ಮಾತಿನ ಮೇಲೆ. ತಾನಾಗಿ ಇಳಿಯುವ ಕಾಯಿಲೆಗೆ ಅದನ್ನು ಬಳಸಿದರೆ ಮುಂದೊಂದು ದಿನ ಮೂತ್ರದ ಸೋಂಕಿಗೋ ಆಪರೇಷನ್ ಗಾಯಕ್ಕೋ ಮದ್ದು ಹತ್ತದಿರಬಹುದು.

ಹದಿನಾಲ್ಕು ದಿನ ದಾಟಿದರೆ

ಊರಿಗೆ ಬಂದ ಮೇಲೂ ಎರಡು ವಾರ ಹೊಟ್ಟೆ ಸರಿಹೋಗದಿದ್ದರೆ ಅದು ಇಟೆಕ್ ಇರಲಾರದು. ಆಗ ಸಂಶಯ ಹೋಗಬೇಕಾದದ್ದು ಜಿಯಾರ್ಡಿಯಾದಂಥ ಏಕಕೋಶ ಪರೋಪಜೀವಿಗಳ ಕಡೆಗೆ. 1989ರ ಸುಮಾರಿಗೆ ಕಠ್ಮಂಡುವಿನ ಪ್ರವಾಸಿಗಳ ಆಸ್ಪತ್ರೆಯಲ್ಲಿ ಒಂದು ಬಗೆಯ ರೋಗಿಗಳು ಬರತೊಡಗಿದರು: ವಾರಗಟ್ಟಲೆ ಭೇದಿ, ಊಟ ಸೇರದು, ಮೆಟ್ಟಿಲು ಹತ್ತಲಾಗದಷ್ಟು ಸುಸ್ತು. ಮಲದಲ್ಲಿ ಗುಂಡಗಿನ ಅಪರಿಚಿತ ಕಣಗಳು. ಅದೇ ಕಣಗಳನ್ನು ಪೆರುವಿನಲ್ಲಿ ಅಭ್ಯಾಸ ಮಾಡುತ್ತಿದ್ದವರು 1994ರಲ್ಲಿ ಲಿಮಾದ ಕಾಯೆಟಾನೊ ಹೆರೆದಿಯಾ ವಿಶ್ವವಿದ್ಯಾಲಯದ ನೆನಪಿಗೆ ಸೈಕ್ಲೊಸ್ಪೊರಾ ಕಾಯೆಟನೆನ್ಸಿಸ್ ಎಂದು ಹೆಸರಿಟ್ಟರು. ನೇಪಾಳದಲ್ಲಿ ಅದು ಮಳೆಗಾಲದ ಆಸುಪಾಸಿನ ತಿಂಗಳುಗಳಲ್ಲಿ ಕಾಣುತ್ತದೆ, ಕ್ಲೋರಿನ್‌ಗೆ ಬಗ್ಗುವುದಿಲ್ಲ, ಕುದಿಸಿದರೆ ಸಾಯುತ್ತದೆ. ಕೋಟ್ರಿಮಾಕ್ಸಜೋಲ್ ಎಂಬ ಹಳೆಯ, ಅಗ್ಗದ ಮಾತ್ರೆ ಅದಕ್ಕೆ ಮದ್ದು ಎಂದು 1995ರಲ್ಲಿ ನೇಪಾಳದಲ್ಲೇ ಸಾಬೀತಾಯಿತು. ಆದರೆ ಮಾಮೂಲು ಮಲಪರೀಕ್ಷೆಯಲ್ಲಿ ಅದು ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುತ್ತದೆ, ಬೇರೆ ಬಣ್ಣ ಹಾಕಿ ಹುಡುಕಬೇಕು. ಹುಬ್ಬಳ್ಳಿಯ ಅಥವಾ ಮೈಸೂರಿನ ವೈದ್ಯರು ಹಾಗೆ ಹುಡುಕಲು ಲ್ಯಾಬಿನವರಿಗೆ ಬರೆದುಕೊಡಬೇಕಾದರೆ, ಯಾವ ದೇಶಕ್ಕೆ ಯಾವ ತಿಂಗಳು ಹೋಗಿದ್ದೆವೆಂದು ರೋಗಿಯೇ ಬಾಯಿಬಿಟ್ಟು ಹೇಳಬೇಕು.